ಬಿಳಿ ಗೋಡೆಯ ಮೇಲೆ ಕೆಂಪು ಹಸೆ

ಡಿ.ಡಿ.ಟಿ. ಪುಡಿಯ ವಾಸನೆ ನನಗೆ ಇಷ್ಟ ಎಂದರೆ ಮನೆಯವರೆಲ್ಲ ಮೂಗು ಮುರಿಯುತ್ತಾರೆ. ಮುರಿಯಲಿ. ಮೊನ್ನೆ ಸಂಬಂಧಿಕರ ಮದುವೆಗೆಂದು ಶಿಕಾರಿಪುರಕ್ಕೆ ಹೋಗಿದ್ದೆ. ಛತ್ರದ ಹಿಂದಿನ ಹಳೆಯ ಉಗ್ರಾಣವೊಂದರ ಬಾಗಿಲು ತೆಗೆದು ಯಾರೋ ಕಸ ಗುಡಿಸುತ್ತಿದ್ದರು. ಒಳಗಿನಿಂದ ಹಳೇ ಗೋಣಿ, ಒದ್ದೆ ಮಣ್ಣು, ಅದರ ಜೊತೆಗೆ ಮೂಗಿನ ತುದಿಗೆ ಚುರುಕ್ಕೆನ್ನಿಸುವ ಆ ಪುಡಿಯ ವಾಸನೆ ಬಂತು. ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮೊಮ್ಮಗಳು ಬಂದು "ತಾತ, ತಲೆ ಸುತ್ತುತ್ತಾ?" ಎಂದು ಕೇಳಿದಳು. ಇಲ್ಲಮ್ಮ ಎಂದೆ. ಒಂದು ಗೋಡೆ ನೆನಪಾಯಿತು ಅಂತ ಮದುವೆ ಮನೆಯಲ್ಲಿ ಯಾರಿಗೆ ಹೇಳುವುದು?

ಐವತ್ತೆಂಟೋ ಐವತ್ತೊಂಬತ್ತೋ ಇಸವಿ ಇರಬೇಕು. ಕೋಲಾರದ ಕಡೆಯ ಬಯಲಿನಲ್ಲಿ ಹುಟ್ಟಿ ಬೆಳೆದ ನನ್ನನ್ನು ಮಲೇರಿಯಾ ಇನ್‌ಸ್ಪೆಕ್ಟರ್ ಎಂದು ಶಿಕಾರಿಪುರಕ್ಕೆ ಹಾಕಿದರು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ವರ್ಗದ ಸುದ್ದಿ ಕೇಳಿ ನಮ್ಮಮ್ಮ ಒಂದು ಹೊತ್ತು ಊಟ ಬಿಟ್ಟಳು. ಆ ಸೀಮೆಗೆ ಹೋದವರು ಹೊಟ್ಟೆಯಲ್ಲಿ ಗೆಡ್ಡೆ ಕಟ್ಟಿಸಿಕೊಂಡು, ಹಳದಿ ಮುಖ ಹೊತ್ತುಕೊಂಡು ಬರುತ್ತಾರೆ ಎನ್ನುವುದು ಆಗ ಊರೂರಿಗೂ ಗೊತ್ತಿದ್ದ ಮಾತು. ಚಳಿಜ್ವರದ ಸೀಮೆ ಎಂದು ಬಯಲಿನವರು ಅಲ್ಲಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ನನಗೂ ಒಳಗೊಳಗೇ ಭಯವಿತ್ತು. ಆದರೆ ಸರ್ಕಾರಿ ಕೆಲಸ, ಹೊಸ ಸೈಕಲ್ಲು, ತಲೆಗೆ ಸೋಲಾ ಹ್ಯಾಟು. ಇಪ್ಪತ್ತೈದರ ವಯಸ್ಸಿಗೆ ಅಷ್ಟು ಸಾಕಾಗಿತ್ತು.

ನನ್ನ ತಂಡದ ಹಿರಿಯ ಕೆಲಸಗಾರ ಖಾದರ್ ಸಾಬರು. ಶಿಕಾರಿಪುರ ಪೇಟೆಯವರು. ಅವರ ಮನೆತನದ್ದು ಪಾತ್ರೆಗೆ ಕಲಾಯಿ ಹಾಕುವ ಕಸುಬು, ಆದ್ದರಿಂದ ಎರಡೂ ತಾಲ್ಲೂಕಿನ ಅಡುಗೆಮನೆಗಳೆಲ್ಲ ಅವರಿಗೆ ಪರಿಚಯ. ಯಾವ ಮನೆಯ ಹಂಡೆ ಎಷ್ಟು ದೊಡ್ಡದು, ಯಾವ ಅತ್ತೆ ಜೋರು ಎನ್ನುವುದೆಲ್ಲ ಅವರ ಬಾಯಲ್ಲೇ ಇತ್ತು. ಕೆಲಸ ಹೀಗಿತ್ತು. ಬಕೆಟ್ಟಿನಲ್ಲಿ ಪುಡಿ ಕಲಸಿ ನೀರು ಮಾಡಬೇಕು, ಒಬ್ಬ ಪಂಪು ಒತ್ತಬೇಕು, ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು ಗೋಡೆಗೆ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಅದಕ್ಕೆ ಮೊದಲು ಮನೆಯವರು ಅಕ್ಕಿ ಮಡಕೆ, ಹಾಸಿಗೆ, ತೊಟ್ಟಿಲು, ಮುದುಕರು ಎಲ್ಲವನ್ನೂ ಅಂಗಳಕ್ಕೆ ಸಾಗಿಸಬೇಕು. ಜನ ನನ್ನನ್ನು ಪೌಡ್ರು ಸಾಹೇಬ್ರು ಎನ್ನುತ್ತಿದ್ದರು. ನೆಂಟರೂ ಕಾಲಿಡದ ಒಳಕೋಣೆಗೆ ಹೋಗುವ ಅಧಿಕಾರ ಪೌಡ್ರು ಸಾಹೇಬರಿಗೆ ಇತ್ತು.

ಗೋಡೆಗೇ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ರಕ್ತ ಕುಡಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ, ಅಲ್ಲಿ ಮದ್ದು ಇದ್ದರೆ ಸಾಯುತ್ತದೆ ಎಂದು ನಾನು ಪಾಠ ಒಪ್ಪಿಸುತ್ತಿದ್ದೆ. ಆದ್ದರಿಂದ ಮದ್ದು ತಿಂಗಳುಗಟ್ಟಲೆ ಗೋಡೆಯ ಮೇಲೆ ಉಳಿಯಬೇಕು. ನನ್ನ ದುರದೃಷ್ಟಕ್ಕೆ ಆ ಸುತ್ತು ಬಂದದ್ದು ಆಶ್ವೀಜದಲ್ಲಿ. ಸೊರಬ ತಾಲ್ಲೂಕಿನ ಜಡೆ ಎಂಬ ಊರಿನ ಕಡೆ ಒಂದು ಹಳ್ಳಿಯನ್ನು ಪೂರ್ತಿ ಮುಗಿಸಿ, ವಾರದ ಮೇಲೆ ತನಿಖೆಗೆ ಹೋದರೆ, ಸಾಲಿಗೆ ಸಾಲು ಮನೆಗಳೂ ಹೊಸ ಕೆಮ್ಮಣ್ಣು ಬಳಿದುಕೊಂಡು ಕೆಂಪಗೆ ಹೊಳೆಯುತ್ತಿದ್ದವು. "ನಿಮ್ಮ ಪೌಡ್ರು ಗ್ವಾಡೆನೆಲ್ಲ ಬೂದಿ ಬಳದಂಗೆ ಮಾಡಿತ್ತು ಸಾಮಿ. ಹಬ್ಬ ಬಂತಲ್ಲ, ಸಾರ್ಸಿ ಚೊಕ್ಕ ಮಾಡಿದ್ವಿ. ಕೂತ್ಕಳ್ರಿ, ಮಜ್ಜಿಗೆ ತರ್ತೀನಿ" ಎಂದಳು ಒಬ್ಬಾಕೆ, ಹೊಗಳುತ್ತೇನೆ ಎಂದು ಕಾಯುತ್ತ. ನಮ್ಮ ಮದ್ದೆಲ್ಲ ಮಣ್ಣಿನ ಕೆಳಗೆ ಹೋಗಿತ್ತು. ಮಜ್ಜಿಗೆ ಕುಡಿದೆ, ಬೇರೇನು ಮಾಡಲಿ? ಹಬ್ಬಕ್ಕೆ ಗೋಡೆ ಸಾರಿಸಬೇಡಿ ಎಂದು ಹೆಂಗಸರಿಗೆ ಹೇಳುವುದು, ಹಬ್ಬಕ್ಕೆ ಸ್ನಾನ ಮಾಡಬೇಡಿ ಎಂದಂತೆಯೇ ಎಂದು ಖಾದರ್ ಸಾಬರು ದಾರಿಯುದ್ದಕ್ಕೂ ನಕ್ಕರು.

ಅಲ್ಲಿಂದ ನಾವು ಕುಪ್ಪಗಡ್ಡೆಗೆ ಬಂದೆವು. ಶಾಲೆಯ ಜಗಲಿಯೇ ನಮ್ಮ ಬಿಡಾರ. ಮಳೆ ಹಿಂದೆಗೆದು, ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ನಿಂತಿತ್ತು. ಬೆಳಗಿನ ಮಂಜು ಹರಿಯುವವರೆಗೆ ಬದುವಿನ ಮೇಲೆ ನಡೆದರೆ ಮೊಣಕಾಲವರೆಗೆ ಪಂಚೆ ಒದ್ದೆಯಾಗುತ್ತಿತ್ತು. ಇನ್ನೇನು ಭೂಮಿ ಹುಣ್ಣಿಮೆ ಬರುವುದಿತ್ತು. ನಮ್ಮ ಕಡೆ ಆ ಹಬ್ಬವಿಲ್ಲ, ಅಲ್ಲಿಯವರೇ ಹೇಳಿಕೊಟ್ಟರು. ಆ ಹೊತ್ತಿಗೆ ಭೂಮಿ ಬಸುರಿ. ಬಸುರಿಗೆ ಬಯಕೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು ಬಡಿಸುತ್ತಾರೆ. ನಾವು ಭೂಮಿಯಿಂದ ಕೇಳುವುದನ್ನು ಮಾತ್ರ ಕಲಿತವರು.

ಕುಪ್ಪಗಡ್ಡೆಯಿಂದ ಮುಂದೆ ಗದ್ದೆ ದಾಟಿದರೆ ದೀವರು ಎಂಬ ಬೇಸಾಯದ ಜನರ ಒಂದು ಕೇರಿ. ಅಲ್ಲಿಯ ಕೊನೆಯ ಮನೆ ಕೆರಿಯಪ್ಪ ಎನ್ನುವವರದು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ನಮ್ಮ ಪಂಪು ಕಂಡ ಕೂಡಲೇ ಅವರು ಅಂಗಳಕ್ಕೇ ಬಂದರು.

"ಹೊರಗಿಂದೆಲ್ಲ ಹೊಡೀರಿ ಸಾಮಿ. ನಡುಮನೆ ಗ್ವಾಡೆ ಒಂದು ಬಿಡ್ರಿ."

"ನಡುಮನೆ ಗೋಡೆಯೇ ಮುಖ್ಯ ಕೆರಿಯಪ್ಪನವರೇ. ಜನ ಮಲಗೋದು ಅಲ್ಲಿ, ಸೊಳ್ಳೆ ಕೂರೋದೂ ಅಲ್ಲೇ."

"ನಂಗೆ ಗೊತ್ತಾತು. ಆಕೆಗೆ ಹೇಳೋರು ಯಾರು?" ಎಂದು ಅವರು ಒಳಗೆ ನೋಡಿದರು.

ಹೊರಗಿನ ಬಿಸಿಲಿನಿಂದ ಒಳಗೆ ಹೋದಾಗ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕತ್ತಲೆಯಿಂದ ಒಂದೊಂದೇ ಬಿಳಿ ಗೆರೆ ಎದ್ದು ಬಂತು. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆದ ಹಸೆ. ಮದುವೆ ಹೊತ್ತಿಗೆ ಮದುಮಕ್ಕಳನ್ನು ಕೂರಿಸುವ ಜಾಗದ ಗೋಡೆಗೆ ಅಲ್ಲಿಯ ಹೆಂಗಸರು ಬರೆಯುವ ಚಿತ್ತಾರವಂತೆ. ಎಳೆ ಪಕ್ಕ ಎಳೆ, ಕೂದಲಷ್ಟೇ ಸಂದು ಬಿಟ್ಟು, ಎಲ್ಲೂ ತಾಗದಂತೆ ಹೋಗಿ ಚೌಕ ಕಟ್ಟಿದ್ದವು. ಒಳಗೆ ಬಾಸಿಂಗದ ಸಾಲು, ಮೂಲೆಗಳಲ್ಲಿ ಹಕ್ಕಿ, ಕೆಳಗೆ ಕೈಕೈ ಹಿಡಿದು ನಿಂತ ಗೊಂಬೆಗಳು. ಆ ಸಾಲಿನಲ್ಲಿ ಒಂದು ಗೊಂಬೆ ಅಳತೆ ತಪ್ಪಿ ಉದ್ದವಾಗಿ, ತಲೆ ಹೋಗಿ ಮೇಲಿನ ಎಳೆಗೆ ತಾಗಿತ್ತು. ಅಷ್ಟು ಕಟ್ಟುನಿಟ್ಟಿನ ಕೆಲಸದಲ್ಲಿ ಅದೊಂದು ತಪ್ಪು ನೋಡಿ ನನಗೆ ನಗು ಬಂತು, ಪ್ರೀತಿಯೂ ಬಂತು. ಬಲಗಡೆಯ ಅಂಚು ಮಾತ್ರ ಬರಿದಾಗಿತ್ತು.

ಗೋಡೆಯ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಕೆರಿಯಪ್ಪನವರ ಹೆಂಡತಿ ಚೌಡಮ್ಮ. ನಾವು ಬಂದದ್ದಕ್ಕೆ ತಿರುಗಲೂ ಇಲ್ಲ. ಬಲಗೈ ತೋರುಬೆರಳನ್ನು ಒಂದು ಎಳೆಯ ಮೇಲಿಟ್ಟು ನಿಧಾನಕ್ಕೆ ಎಳೆಯುತ್ತ ಹೋಗುತ್ತಿದ್ದಳು. ಮೂಲೆ ಬಂದ ಕಡೆ ಬೆರಳು ತಿರುಗುತ್ತಿತ್ತು, ಮುಗಿದ ಕಡೆ ಮುಂದಿನ ಎಳೆಗೆ ಹೋಗುತ್ತಿತ್ತು. ಖಾದರ್ ಸಾಬರು ಕೈಯಲ್ಲಿದ್ದ ಕೊಳವೆಯನ್ನು ಕೆಳಗಿಟ್ಟರು.

ಸೊಸೆ ನೀಲಮ್ಮ ಬಾಗಿಲ ಹೊರಗೆ ಬಂದು ಮೆಲುದನಿಯಲ್ಲಿ ಹೇಳಿದಳು. ಆಕೆ ಆಗ ಐದು ತಿಂಗಳ ಬಸುರಿ. "ನಮ್ಮ ನಾದಿನಿ ಬರದಿದ್ದು ಸಾಮಿ, ಲಚ್ಚಿ ಅಂತ. ನಮ್ಮ ಮದುವಿಗೆ. ಬರೀತಾ ಬರೀತಾನೇ ಜ್ವರ ಬಂತು. ಆ ಅಂಚು ಉಳೀತು. ಮದುವೆ ಆಗಿ ವಾರದೊಳಗೆ ಹೋಗಿಬಿಡ್ತು."

"ಇವರು?"

"ಅತ್ತೆ ಅವತ್ತಿಂದ ಹಿಂಗೇ. ಅತ್ತಿಲ್ಲ, ಮಾತಿಲ್ಲ. ಕೆಲಸ ಎಲ್ಲ ಮಾಡ್ತಾರೆ. ಬೆಳಿಗ್ಗೆ ಒಂದು ಸಲ, ದೀಪ ಹಚ್ಚೋ ಹೊತ್ತಿಗೆ ಒಂದು ಸಲ ಗ್ವಾಡೆ ಮುಂದೆ ಕೂತು ಪೂರ್ತಿ ಹಸೆ ಮುಟ್ಟಿ ಎದ್ದು ಬತ್ತಾರೆ. ಹೋದ ವರ್ಷದ ಹಬ್ಬಕ್ಕೂ ಆ ಗ್ವಾಡೆ ಸಾರ್ಸಾಕೆ ಬಿಡ್ಲಿಲ್ಲ." ಸ್ವಲ್ಪ ತಡೆದು, "ಮುಟ್ಟಿ ಮುಟ್ಟಿ ಎಳೆನೆಲ್ಲ ಸವೀತಾ ಐತೆ. ಅದು ಅವ್ರಿಗೂ ಗೊತ್ತು" ಎಂದಳು.

ಆಗ ನಾನು ಮತ್ತೆ ಗೋಡೆ ನೋಡಿದೆ. ಹೌದು, ಬೆರಳು ಓಡಾಡಿದ ಕಡೆಯೆಲ್ಲ ಬಿಳಿ ತೆಳುವಾಗಿತ್ತು.

ನೀವೂ ಬರೀತೀರಾ ಅಂತ ಚೌಡಮ್ಮನನ್ನೇ ಕೇಳಿಬಿಟ್ಟೆ. ಮಾತಾಡಿಸಿದರೆ ಒಂದಿಷ್ಟು ಸಡಿಲವಾದಾರು ಎಂಬ ಆಸೆ. ಉತ್ತರ ಕೊಟ್ಟವರು ಕೆರಿಯಪ್ಪ. "ಆಕೆಗೆ ಬರಾದಿಲ್ಲ ಸಾಮಿ. ಆಕೆ ಕೈಯಾಗೆ ಒಂದು ಎಳೆ ನೆಟ್ಟಗೆ ಬರಾದಿಲ್ಲ. ಅವ್ವಂಗೆ ಎಳೆ ಕೊಟ್ರೆ ಹಾವು ಮಾಡ್ತಾಳೆ ಅಂತ ಮಗಳೇ ನಗಾಡ್ತಿತ್ತು. ಹಿಟ್ಟು ರುಬ್ಬಿ ಕೊಡದು, ಪುಂಡಿ ನಾರು ಜಜ್ಜಿ ಕುಂಚ ಮಾಡಿ ಕೊಡದು, ಅಷ್ಟೇ ಆಕೆ ಕೆಲಸ."

ಕಾನೂನು ನನ್ನ ಕೈಯಲ್ಲಿತ್ತು. ಬೇಡ ಎಂದವರ ಮನೆಗೂ ಹೊಡೆಸಬಹುದಿತ್ತು. ಆ ಹೆಂಗಸಿನ ಬೆನ್ನು ನೋಡಿ ಕಾನೂನಿನ ಮಾತು ಎತ್ತಲಿಲ್ಲ. ಉಳಿದ ಗೋಡೆಗಳಿಗೆ ಹೊಡೆದು, ನಡುಮನೆ ಬಿಟ್ಟು ಹೊರಟೆವು. ಆದರೆ ನೀಲಮ್ಮ ಮಲಗುವುದು ಆ ಗೋಡೆಯ ಬದಿಗೇ ಎಂದು ನಾನು ನೋಡಿಕೊಂಡಿದ್ದೆ. ಬಸುರಿಗೆ ಆ ಜ್ವರ ಬಂದರೆ ಏನೇನಾಗುತ್ತದೆ ಎಂಬುದು ನನ್ನ ಪುಸ್ತಕದಲ್ಲೂ ಇತ್ತು, ಆ ಊರಿನ ಸ್ಮಶಾನದಲ್ಲೂ ಇತ್ತು.

ಮೂರ್ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನದ ಹೊತ್ತು ಶಾಲೆಯ ಜಗಲಿಯಲ್ಲಿ ಪಂಪು ಬಿಚ್ಚಿ ತೊಳೆಯುತ್ತಿದ್ದೆವು. ಗದ್ದೆಯ ಬದುವಿನ ಮೇಲೆ ಒಬ್ಬಾಕೆ ಬರುತ್ತಿರುವುದು ಕಂಡಿತು. ಸೆರಗು ತಲೆಯ ಮೇಲೆ, ಕಾಲಿಗೆ ಚಪ್ಪಲಿಯಿಲ್ಲ, ಬಿರುಸಿನ ನಡಿಗೆ. ಹತ್ತಿರ ಬಂದ ಮೇಲೇ ಚೌಡಮ್ಮ ಎಂದು ಗೊತ್ತಾದದ್ದು. ಮಗಳು ಹೋದ ಮೇಲೆ ಆಕೆ ಕೇರಿ ದಾಟಿದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

"ಸೊಸಿಗೆ ಚಳಿ ಬಂತು" ಎಂದಳು. ಬಹಳ ದಿನ ಬಳಸದ ದನಿ, ಒಡೆದು ಒಡೆದು ಬಂತು. "ಬರ್ರಿ. ಹೊಡೀರಿ."

ನಾನು ಪೆಟ್ಟಿಗೆ ತೆಗೆದುಕೊಂಡು ಎದ್ದೆ. ಮೊದಲು ನೀಲಮ್ಮನನ್ನು ನೋಡಬೇಕಿತ್ತು. ಎರಡು ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತಿದ್ದಳು. ಬೆರಳಿನಿಂದ ರಕ್ತ ತೆಗೆದು ಗಾಜಿಗೆ ಹಚ್ಚಿ, ಮಾತ್ರೆ ಕೊಟ್ಟು, ಇನ್ನೂ ಮೂರು ದಿನಕ್ಕೆ ಹೇಗೆ ಕೊಡಬೇಕು ಎಂದು ಕೆರಿಯಪ್ಪನವರಿಗೂ ಅವರ ಮಗನಿಗೂ ಹೇಳಿದೆ. ಮಾತ್ರೆ ತಗೊಂಡರೆ ಇಳಿಯುತ್ತದೆ, ಗೋಡೆಯ ವಿಷಯ ನಿಧಾನವಾಗಿ ಯೋಚನೆ ಮಾಡೋಣ ಎಂದೂ ಚೌಡಮ್ಮನಿಗೆ ಹೇಳಿದೆ. ಆಕೆ ಸೊಸೆಯ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಒಬ್ಬಳನ್ನ ಕಳಕಂಡು ಗ್ವಾಡೆ ಇಟ್ಕಂಡೆ" ಎಂದಳು. "ಇನ್ನೊಬ್ಬಳನ್ನ ಕಳಕಂಡು ಎಂತ ಇಟ್ಕಳ್ಳಿ?"

ಮನೆಯವರು ನೀಲಮ್ಮನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋದರು. ಮಡಕೆ, ಹಾಸಿಗೆಗಳನ್ನೆಲ್ಲ ಚೌಡಮ್ಮನೇ ಹೊರಗೆ ಹಾಕಿದಳು. ಆಮೇಲೆ ಗೋಡೆಯ ಮುಂದೆ ಕೂತು ಮೊದಲ ಎಳೆಯ ಮೇಲೆ ಬೆರಳಿಟ್ಟಳು.

ಬಕೆಟ್ಟಿನ ಮದ್ದು ತಳಕ್ಕೆ ಇಳಿಯುತ್ತಿತ್ತು. ನಮ್ಮ ಹುಡುಗರಲ್ಲಿ ಒಬ್ಬ ಕೆಮ್ಮಿದ್ದಕ್ಕೆ ಖಾದರ್ ಸಾಬರು ಕಣ್ಣು ಬಿಟ್ಟರು. "ಅವಸರ ಇಲ್ಲವ್ವ. ಸಾವಕಾಶ ನೋಡ್ಕೋರಿ. ನಮ್ಮದೇನು, ಮದ್ದು ಮತ್ತ ಕಲಸಿದ್ರಾತು" ಎಂದು ಹೇಳಿ ಗೋಡೆಯ ಕಡೆ ಬೆನ್ನು ಮಾಡಿ ನಿಂತರು. ಚೌಡಮ್ಮ ಒಂದು ಎಳೆಯನ್ನೂ ಬಿಡಲಿಲ್ಲ. ಬಾಸಿಂಗ, ಹಕ್ಕಿ, ಗೊಂಬೆಗಳು ಎಲ್ಲ ಮುಟ್ಟಿದಳು. ಉದ್ದನೆಯ ಗೊಂಬೆಯ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಬಲ ಅಂಚಿನಲ್ಲಿ ಮಗಳ ಕೊನೆಯ ಎಳೆ ಅರ್ಧಕ್ಕೆ ನಿಂತ ಕಡೆ ಕೈ ತೆಗೆದು, ಎದ್ದು ಹೊರಗೆ ಹೋದಳು.

ಖಾದರ್ ಸಾಬರು ಕೊಳವೆ ಎತ್ತಿ ಹೊಡೆದರು. ಮದ್ದಿನ ನೀರು ಮೇಲಿನಿಂದ ಇಳಿಯಿತು. ಒದ್ದೆಯಾದಾಗ ಹಸೆ ಒಂದು ಕ್ಷಣ ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು. ಆಮೇಲೆ ಹಿಟ್ಟು ಕರಗಿ ಇಳಿಯಿತು, ಮದ್ದು ಒಣಗುತ್ತ ಬಂತು, ಬಿಳಿಯೊಳಗೆ ಬಿಳಿ ಸೇರಿ ಗೋಡೆ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಎಳೆ ಒಂದೂ ಉಳಿಯಲಿಲ್ಲ. ನಾನು ಅಷ್ಟು ಹೊತ್ತಿಗೆ ಸಾವಿರಾರು ಗೋಡೆಗಳಿಗೆ ಮದ್ದು ಹೊಡೆಸಿದ್ದೆ. ಕಣ್ಣಲ್ಲಿ ನೀರು ಬಂದದ್ದು ಆ ಒಂದಕ್ಕೆ.

ಹುಣ್ಣಿಮೆಗೆ ಇನ್ನೆರಡು ದಿನವಿರುವಾಗ ತನಿಖೆಗೆ ಹೊರಟೆ. ಮನಸ್ಸಿರಲಿಲ್ಲ. ನೀಲಮ್ಮನ ಜ್ವರ ಬಿಟ್ಟಿದೆ ಎಂಬ ಸುದ್ದಿ ಬಂದಿತ್ತು, ಅದೊಂದು ಸಮಾಧಾನ. ಆದರೆ ಅಷ್ಟು ಹೊತ್ತಿಗೆ ಕೇರಿಯವರೆಲ್ಲ ಗೋಡೆ ಸಾರಿಸಿ ಮುಗಿಸಿರುತ್ತಾರೆ, ಚೌಡಮ್ಮ ಕೊಟ್ಟದ್ದೂ ಕೆಮ್ಮಣ್ಣಿನ ಕೆಳಗೆ ಹೋಗಿರುತ್ತದೆ ಎಂದುಕೊಂಡೇ ನಡೆದೆ. "ಇವತ್ತೂ ಮಜ್ಜಿಗಿ ಕುಡಿಯೋ ಯೋಗ ಐತ್ರಿ ಸಾಹೇಬ್ರ" ಎಂದು ಖಾದರ್ ಸಾಬರು ಚುಡಾಯಿಸಿದರು. ಕೇರಿಯ ಬಾಯಿಯಲ್ಲೇ ಮಡಕೆಗಳಲ್ಲಿ ಕೆಮ್ಮಣ್ಣು ನೆನೆದಿರುವುದು ಕಂಡಿತು. ಮಡಕೆಗಳಿದ್ದವು, ಹೆಂಗಸರು ಇರಲಿಲ್ಲ. ಒಂದು ಮನೆಯ ಗೋಡೆ ಅರ್ಧ ಸಾರಿಸಿ ಹಾಗೇ ಬಿಟ್ಟಿತ್ತು. ಎಲ್ಲರೂ ಕೆರಿಯಪ್ಪನವರ ಬಾಗಿಲಲ್ಲಿ ಮುಗಿಬಿದ್ದಿದ್ದರು.

ನೀಲಮ್ಮನಿಗೇ ಏನೋ ಆಯಿತು ಎಂದು ಹೆಂಗಸರ ನಡುವೆ ದಾರಿ ಮಾಡಿಕೊಂಡು ನುಗ್ಗಿದೆ. ನೀಲಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಒಳಗೆ ತೋರಿಸಿದಳು.

ಬಿಳಿ ಗೋಡೆಯ ಮೇಲೆ ಕೆಂಪು ಹಸೆ.

ಅದೇ ಹಸೆ. ಎಳೆ ಪಕ್ಕ ಎಳೆ, ಅದೇ ಕೂದಲಷ್ಟು ಸಂದು, ಅದೇ ತಿರುವು. ಬಾಸಿಂಗದ ಸಾಲು ಇದ್ದಲ್ಲೇ ಇತ್ತು, ಹಕ್ಕಿಗಳು ತಮ್ಮ ತಮ್ಮ ಮೂಲೆಯಲ್ಲೇ ಇದ್ದವು. ನಾನು ಗೊಂಬೆಗಳ ಸಾಲು ಹುಡುಕಿದೆ. ಅಳತೆ ತಪ್ಪಿದ ಗೊಂಬೆ ಅಲ್ಲಿತ್ತು, ತಲೆ ಮೇಲಿನ ಎಳೆಗೆ ತಾಗಿತ್ತು. ಮಗಳ ತಪ್ಪನ್ನೂ ತಾಯಿ ಬಿಟ್ಟಿರಲಿಲ್ಲ. ನನ್ನ ಕೈ ತಾನಾಗಿಯೇ ಹೋಗಿ ಹ್ಯಾಟು ತೆಗೆಯಿತು. ದೊಡ್ಡ ದೊಡ್ಡ ಗುಡಿಗಳ ಕಲ್ಲಿನ ಕೆಲಸವನ್ನು ಆಮೇಲೆ ಎಷ್ಟೋ ನೋಡಿದ್ದೇನೆ. ಅಷ್ಟು ಬೆರಗು ನನಗೆ ಮತ್ತೆಲ್ಲೂ ಆಗಲಿಲ್ಲ.

ನೀಲಮ್ಮ ಪಿಸುಗುಟ್ಟಿದಳು. "ಗ್ವಾಡೆ ಒಣಗಿದ ಮೇಲೆ ಅತ್ತೆ ಹೋಗಿ ಕೂತ್ರು ಸಾಮಿ, ದಿನಾ ಕೂರೋ ಹಂಗೆ. ಎಳೆ ಎಂತದೂ ಇಲ್ಲ. ಆದ್ರೂ ಬೆರಳು ಇಟ್ರು. ಬೆರಳು ತನ್ನ ಪಾಡಿಗೆ ಹೋಗಾಕೆ ಹತ್ತಿತು, ಎಲ್ಲಿ ತಿರುಗಬೇಕೋ ಅಲ್ಲಿ ತಿರುಗ್ತು. ಅವ್ರಿಗೇ ಗಾಬರಿ ಆತು. ಕೈ ತೆಗೆದು ನೋಡ್ಕಂಡ್ರು. ಹಬ್ಬಕ್ಕೆ ಸಾರ್ಸಾಕೆ ಕೆಮ್ಮಣ್ಣು ನೆನಸಿಟ್ಟಿದ್ದೆ. ಅದರಾಗೆ ಬೆರಳು ಅದ್ದಿದ್ರು. ಮೊದಲನೇ ಎಳೆ ಬೆರಳಾಗೇ. ಆಮೇಲೆ ಕುಂಚ ತಗಂಡ್ರು."

ವರ್ಷವಿಡೀ ಆಕೆ ಗೋಡೆ ಮುಟ್ಟುತ್ತಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು. ಪಾಪ, ತಲೆ ಕೆಟ್ಟಿದೆ ಎಂದೂ ಅಂದಿದ್ದರು. ಮಗಳ ಕೈ ಆಕೆಯ ಕೈಯೊಳಗೆ ಇಳಿಯುತ್ತಿದೆ ಎಂದು ಯಾರಿಗೂ ಹೊಳೆದಿರಲಿಲ್ಲ, ಆಕೆಗೂ ಹೊಳೆದಿರಲಿಲ್ಲ. ಬರೆಯಲು ಬರುವುದಿಲ್ಲ ಎಂದುಕೊಂಡೇ ಬದುಕಿದ ಹೆಂಗಸು.

ನಾವು ಹೋದಾಗ ಆಕೆ ಬಲ ಅಂಚಿಗೆ ಬಂದಿದ್ದಳು. ಮಗಳ ಎಳೆ ಅರ್ಧಕ್ಕೆ ನಿಂತಿದ್ದ ಜಾಗ. ಅಲ್ಲಿಯವರೆಗೆ ತಡವರಿಸದೆ ಬಂದ ಕುಂಚ ಅಲ್ಲಿಗೆ ನಿಂತಿತು. ಮುಂದಕ್ಕೆ ಬೆರಳಿಗೆ ದಾರಿ ಗೊತ್ತಿರಲಿಲ್ಲ. ಚೌಡಮ್ಮ ಕುಂಚ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ "ಲಚ್ಚೀ" ಎಂದು ಕರೆದಳು, ಕೊಟ್ಟಿಗೆಯಲ್ಲಿರುವ ಮಗಳನ್ನು ಒಳಗೆ ಕರೆಯುವ ದನಿಯಲ್ಲಿ. ಅದರ ಬೆನ್ನಿಗೇ ಅಳು ಬಂತು. ವರ್ಷದಿಂದ ಕಟ್ಟಿಕೊಂಡಿದ್ದದ್ದೆಲ್ಲ ಒಟ್ಟಿಗೆ ಬಂತು. ಕೆರಿಯಪ್ಪ ಮುಂದೆ ಹೋಗಲು ನೋಡಿದಾಗ ನೀಲಮ್ಮ ಮಾವನ ಕೈ ಹಿಡಿದು, "ಅಳ್ಲಿ ಬಿಡ್ರಿ ಮಾವ" ಎಂದಳು. ಬಾಗಿಲಲ್ಲಿದ್ದ ಹೆಂಗಸರೂ ಅತ್ತರು. ಖಾದರ್ ಸಾಬರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

ಎಷ್ಟು ಹೊತ್ತಾಯಿತೋ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, ಸೊಸೆಗೆ ನೀರು ಕೇಳಿ ಕುಡಿದು, ಮತ್ತೆ ಕುಂಚ ಅದ್ದಿದಳು. ಮಗಳ ಎಳೆ ನಿಂತಲ್ಲಿಂದ ಮುಂದಕ್ಕೆ ಎಳೆದಳು. ಅದು ನೆಟ್ಟಗೆ ಹೋಗಲಿಲ್ಲ, ಬಾಗಿತು. ಅದರ ಪಕ್ಕ ಇನ್ನೊಂದು, ಅದೂ ಬಾಗಿತು. ಬಾಗಿದ ತುದಿಗೆ ಚುಕ್ಕೆ ಚುಕ್ಕೆಯಾಗಿ ಕಾಳು ಇಟ್ಟಳು. ತೆನೆ ಎಂದು ನಮಗೆ ಆಗ ತಿಳಿಯಿತು. ಕೆಳಗಿನಿಂದ ಮೇಲಿನವರೆಗೆ ಬಲ ಅಂಚೆಲ್ಲ ಕಾಳು ತುಂಬಿ ಬಗ್ಗಿದ ಭತ್ತದ ತೆನೆ. ಮಗಳು ನಗುತ್ತಿದ್ದ ಆ ನೆಟ್ಟಗಾಗದ ಎಳೆ ಆಕೆಯದೇ ಎಳೆಯಾಗಿತ್ತು. ಲಚ್ಚಿಯ ಎಳೆಗಳ ಪಕ್ಕ ಅದು ಸ್ವಲ್ಪವೂ ಕಡಿಮೆ ಕಾಣಲಿಲ್ಲ.

ಕೇರಿಯ ಹಿರಿಯಾಕೆ ಗಂಗಜ್ಜಿ ಕೋಲೂರಿಕೊಂಡು ಒಳಗೆ ಬಂದಳು. ಬಿಳಿ ಗೋಡೆಯ ಮೇಲೆ ಕೆಂಪಿನಲ್ಲಿ ಹಸೆ ಬರೆಯುವ ವಾಡಿಕೆ ಆ ಕೇರಿಯಲ್ಲಿ ಇರಲಿಲ್ಲ. ಹೆಂಗಸರೆಲ್ಲ ಅಜ್ಜಿಯ ಬಾಯಿ ನೋಡುತ್ತಿದ್ದರು. ಅಜ್ಜಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಚೌಡೀ, ನಾಳೆ ನಮ್ಮನೆ ಗ್ವಾಡಿಗೆ ಬರ್ತೀಯನೇ?" ಎಂದಳು.

"ನಿಮ್ಮನೆ ಗ್ವಾಡೆ ಸಾರ್ಸಿಲ್ಲನ ಅತ್ತೆ?"

"ಇಲ್ಲ. ಸಾರ್ಸಾದೂ ಇಲ್ಲ. ಹಿಂಗೇ ಬರಿ."

ಮುಗಿಯಿತು. ಅಜ್ಜಿಯ ಮನೆ ಸಾರಿಸುವುದಿಲ್ಲ ಎಂದ ಮೇಲೆ ಬೇರೆಯವರು ಯಾಕೆ ಸಾರಿಸುತ್ತಾರೆ? ಗೋಡೆಗೆ ಬಳಿಯಲೆಂದು ನೆನೆಸಿದ್ದ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಹಸೆಯ ಬಣ್ಣ ಮಾಡಿದರು. ಮರುದಿನ ಬೆಳಗಿನಿಂದ ಚೌಡಮ್ಮ ಮನೆಯಿಂದ ಮನೆಗೆ ಹೋದಳು. ಆಕೆಯ ಹಿಂದೆ ಹೆಂಗಸರೆಲ್ಲ ಕುಂಚ ಹಿಡಿದು ಕೂತರು, ಕೈಲಾದಷ್ಟು ಬರೆದರು. ಅರ್ಧ ಸಾರಿಸಿದ್ದ ಮನೆಯಾಕೆ ಮಾತ್ರ, ಮೊದಲೇ ಹೇಳಬಾರದಿತ್ತಾ ಎಂದು ನನ್ನ ಮೇಲೆ ಸಿಟ್ಟಾದಳು. ಭಾಷಣ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡಿದ್ದ ನಾನು ಆಕೆಯ ಬೈಗುಳವನ್ನು ಖುಷಿಯಿಂದ ಕೇಳಿಸಿಕೊಂಡೆ. ಎರಡು ತಾಲ್ಲೂಕಿನಲ್ಲಿ ನಮ್ಮ ಮದ್ದು ಹಬ್ಬ ದಾಟಿ ಹೆಚ್ಚುಕಡಿಮೆ ಪೂರ್ತಿ ಉಳಿದ ಕೇರಿ ಅದೊಂದೇ.

ಒಂದು ಮನೆಯ ಗೋಡೆಯಲ್ಲಿ ಗೊಂಬೆಗಳ ಸಾಲಿನ ಕೊನೆಗೆ ಒಬ್ಬ ಗಡ್ಡದವನು ಉದ್ದನೆಯ ಕೊಳವೆ ಹಿಡಿದು ನಿಂತಿದ್ದ. ಅವನ ಹಿಂದೆ ತಲೆಯ ಮೇಲೆ ಬುಟ್ಟಿ ಕವುಚಿಕೊಂಡವನೊಬ್ಬ. ಅದು ಬುಟ್ಟಿಯಲ್ಲ, ನನ್ನ ಹ್ಯಾಟು ಎಂದು ಆಮೇಲೆ ಗೊತ್ತಾಯಿತು. "ನನ್ನ ಗಡ್ಡ ಬಾಳ ಚಲೋ ಬಂದೈತ್ರಿ" ಎಂದು ಖಾದರ್ ಸಾಬರು ಆ ಗೋಡೆಯ ಮುಂದಿನಿಂದ ಕದಲಲೇ ಇಲ್ಲ. ಚೌಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಕೆ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು.

ಹುಣ್ಣಿಮೆಯ ಬೆಳಿಗ್ಗೆ ನಮ್ಮನ್ನೂ ಗದ್ದೆಗೆ ಕರೆದರು. ಮಂಜು ಇನ್ನೂ ಎದ್ದಿರಲಿಲ್ಲ. ಕೆರಿಯಪ್ಪನವರ ತಲೆಯ ಮೇಲೆ ಚಿತ್ತಾರದ ಬುಟ್ಟಿ, ಹಿಂದೆ ಚೌಡಮ್ಮ, ಆಕೆಯ ಕೈ ಹಿಡಿದು ನೀಲಮ್ಮ. ಬದುವಿನಲ್ಲಿ ಅಡುಗೆ ಬಡಿಸಿ ಎಲ್ಲರೂ ಕೈಮುಗಿದರು. ಏನು ಬೇಡಬೇಕೆಂದು ತಿಳಿಯದೆ ನಾನೂ ಮುಗಿದೆ. ಆಮೇಲೆ ಅಲ್ಲೇ ಎಲೆ ಹಾಕಿ ಉಂಡೆವು. ಖಾದರ್ ಸಾಬರಿಗೆ ಕಡುಬು ಎರಡೆರಡು ಸಲ ಬಡಿಸಿದ್ದು ಚೌಡಮ್ಮ.

ಮುಂದಿನ ಸುತ್ತು ಮಳೆಗಾಲಕ್ಕೆ ಮುಂಚೆ ಬಂತು. ಆಗ ನನ್ನ ವರ್ಗದ ಆದೇಶ ಬಂದಾಗಿತ್ತು, ಅದೇ ನನ್ನ ಕೊನೆಯ ಸುತ್ತು. ಕೇರಿಯ ಕೊನೆಯ ಮನೆಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಆ ಕೆಂಪು ಹಸೆಯನ್ನು ಮತ್ತೆ ನಾವೇ ಅಳಿಸಬೇಕಿತ್ತು. ಬಿಟ್ಟುಬಿಡೋಣವೇ ಎಂದು ಖಾದರ್ ಸಾಬರನ್ನು ಕೇಳಿದೆ. ಅವರಿಗೂ ಅದೇ ಯೋಚನೆಯಿತ್ತು.

ಅಂಗಳ ತಲುಪುವಾಗ ಮಡಕೆ, ಹಾಸಿಗೆ, ತೊಟ್ಟಿಲು ಎಲ್ಲ ಹೊರಗೆ ಬಂದಿದ್ದವು. ಚೌಡಮ್ಮನ ಹೆಗಲ ಮೇಲೆ ನಾಲ್ಕು ತಿಂಗಳ ಮೊಮ್ಮಗಳು ನಿದ್ದೆ ಮಾಡುತ್ತಿದ್ದಳು. ನೀಲಮ್ಮ ದೀಪ ಹಿಡಿದು ಒಳಗೆ ಬೆಳಕು ತೋರಿಸಿದಳು. ಹಸೆಯ ಮುಂದೆ ನಿಂತ ಖಾದರ್ ಸಾಬರು ಕೊಳವೆ ಎತ್ತಿದವರು ಎತ್ತಿದ ಹಾಗೇ ಉಳಿದರು.

"ಹೊಡೀಲೇನವ್ವ?"

"ಹೊಡೀರಿ ಸಾಬ್ರೇ" ಎಂದಳು ಚೌಡಮ್ಮ. "ಹೋದ ಸಲ ಆ ಮ್ಯಾಲಿನ ಮೂಲೆ ಬಿಟ್ಟಿದ್ರಿ. ಈ ಸಲ ಬಿಡಬ್ಯಾಡ್ರಿ. ಮನೆಯಾಗೆ ಕೂಸೈತೆ."

ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಹೊರಗೆ ಹೋದಳು. ಪಂಪು ಒತ್ತಿದರು. ಹಕ್ಕಿ, ಬಾಸಿಂಗ, ಉದ್ದನೆಯ ಗೊಂಬೆ, ಬಾಗಿದ ತೆನೆ, ಒಂದೊಂದೇ ನೀರಿನಲ್ಲಿ ಇಳಿದು ಹೋದವು. ನಾನು ಬಾಗಿಲಿಗೆ ಬಂದು ನೋಡಿದೆ. ಚೌಡಮ್ಮ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕುಂಚ ಪಕ್ಕಕ್ಕಿಟ್ಟುಕೊಂಡು, ಮಡಕೆಯಲ್ಲಿ ಕೆಮ್ಮಣ್ಣು ಕಲಸುತ್ತಿದ್ದಳು.